ಒಂದು ಸಾಲಿನ ಸ್ಪಷ್ಟನೆ

“ನಿಧಾನ, ಚೆಲ್ಬೇಡಿ. ಇರೋದೇ ಇಷ್ಟು,” ಎನ್ನುತ್ತ ಕಾಳಯ್ಯ ಸೈಕಲ್ಲಿನಿಂದ ಎರಡನೆಯ ಕೊಡ ಇಳಿಸಿದ.

ಸರಸ್ವತಿಪುರಂನ ಆ ಬೀದಿಗೆ ಬೆಳಗಿನಿಂದ ನೀರು ಬಂದಿರಲಿಲ್ಲ. ಸಿದ್ದಲಿಂಗಸ್ವಾಮಿಯವರ ದೇಹಕ್ಕೆ ಸ್ನಾನ ಮಾಡಿಸಲು ಮನೆಯಲ್ಲಿ ಅರ್ಧ ಬಕೆಟ್ಟೂ ಇರಲಿಲ್ಲ. ಕಾಳಯ್ಯ ಒಂಬತ್ತು ವರ್ಷದ ಹಿಂದಿನವರೆಗೆ ಬಡಾವಣೆಗಳಿಗೆ ನೀರು ಬಿಡುವ ವಾಲ್ವ್‌ಮನ್ ಆಗಿದ್ದವನು. ಯಾವ ತಿರುವಿನ ಯಾವ ನಲ್ಲಿಯಲ್ಲಿ ನೀರು ಸಿಗುತ್ತದೆಂದು ಅವನಿಗೆ ಈಗಲೂ ಗೊತ್ತಿತ್ತು. ಯಾರೂ ಹೇಳಿ ಕಳಿಸಿರಲಿಲ್ಲ, ತಾನೇ ತಂದಿದ್ದ.

ಸ್ನಾನವಾಯಿತು. ಹಣೆಗೆ ವಿಭೂತಿ ಬಳಿದು ನಡುಮನೆಯ ಮರದ ಕುರ್ಚಿಯಲ್ಲಿ ಕೂರಿಸಿದರು. ತಲೆ ವಾಲದಂತೆ ಬಿಳಿ ಬಟ್ಟೆಯಿಂದ ಗೋಡೆಯ ಮೊಳೆಗೆ ಕಟ್ಟಿದರು. ಪಕ್ಕದ ಮನೆಯ ಅಂಬುಜಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದು, ಯಾರನ್ನೂ ಮಾತನಾಡಿಸದೆ, ಸಿದ್ದಲಿಂಗಸ್ವಾಮಿಯವರ ಹೆಂಡತಿ ಪುಟ್ಟಬಸಮ್ಮನ ಕೈಗೆ ಒಂದು ಲೋಟ ಕೊಟ್ಟು ಹೋದರು.

ಮಹಾಂತೇಶ ಮೊಬೈಲನ್ನು ಜೇಬಿಗಿಡುತ್ತ ಬಂದ. ಸಚಿವರ ಪತ್ರಿಕಾ ಕೆಲಸವನ್ನು ಸಿದ್ದಲಿಂಗಸ್ವಾಮಿಯವರಿಂದಲೇ ಕಲಿತವನು. ಅವರು ನಿವೃತ್ತರಾದ ಮೇಲೆ ಅವರ ಮೇಜೂ ಅವನದೇ ಆಗಿತ್ತು.

“ಅಮ್ಮಾ, ಸಾಹೇಬ್ರು ಒಂದೂವರೆಗೆ ಬರ್ತಾರೆ. ಅಲ್ಲೀವರೆಗೂ ಎತ್ತೋದು ಬೇಡ.”

“ಮಠದ ಅಯ್ಯನೋರು ಹನ್ನೆರಡಕ್ಕೆ ಅಂದವ್ರೆ.”

“ಒಂದೂವರೆ ಗಂಟೆ ತಾನೆ ಅಮ್ಮಾ? ಫೋಟೋದವರಿಗೂ ಹೇಳಿದೀನಿ. ಇನ್ನೊಂದು...” ಅವನು ದನಿ ತಗ್ಗಿಸಿದ. “ಆ ಕಾಳಯ್ಯನ್ನ ಸ್ವಲ್ಪ ಹಿತ್ತಲಿಗೆ ಕಳಿಸಿ. ಫೋಟೋದಲ್ಲಿ ಬಂದ್ಬುಟ್ರೆ ಹಳೇದೆಲ್ಲ ಮತ್ತೆ ಎದ್ದೇಳುತ್ತೆ.”

ಪುಟ್ಟಬಸಮ್ಮ ಕಾಫಿ ಲೋಟವನ್ನು ನೆಲಕ್ಕಿಟ್ಟರು. ಅವನ ಕೈಯಲ್ಲಿದ್ದ ಹಾಳೆ ಕಿತ್ತುಕೊಂಡು ಓದಿದರು. ‘ಸಿದ್ದಲಿಂಗಸ್ವಾಮಿಯವರ ಅಂತಿಮ ದರ್ಶನ ಪಡೆದ ಸಚಿವರು ಗದ್ಗದಿತರಾದರು.’

“ಇನ್ನೂ ಮನೆ ಬಿಟ್ಟೇ ಇಲ್ಲ, ಆಗ್ಲೇ ಅತ್ತುಬುಟ್ರಾ?”

“ಸಾಯಂಕಾಲದ ಪೇಪರ್‌ಗೆ ಹನ್ನೊಂದಕ್ಕೇ ಕೊಡ್ಬೇಕು ಕಣಮ್ಮ. ಕೊಟ್ಟಾಯ್ತು. ಸರ್ ಕಲಿಸಿದ್ದೇ ಹೀಗೆ.”

ಅದು ಸುಳ್ಳಲ್ಲ. ಪುಟ್ಟಬಸಮ್ಮ ಹಾಳೆಯನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡರು.

*

೧೯೯೭ರ ಬೇಸಿಗೆ. ಊರಂಚಿನ ಬಡಾವಣೆಯೊಂದರಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಮೂರು ಮಕ್ಕಳು ಸತ್ತವು. ಪೈಪು ಚರಂಡಿಗೆ ಅಂಟಿಕೊಂಡೇ ಹೋಗಿದೆ ಎಂದು ಕಾಳಯ್ಯ ಎರಡು ಸಲ ಬರೆದುಕೊಟ್ಟಿದ್ದ. ಪೈಪು ಹಾಕಿಸಿದ ಗುತ್ತಿಗೆದಾರ ಸಚಿವರ ಭಾವಮೈದ.

ಸಿದ್ದಲಿಂಗಸ್ವಾಮಿ ತಟ್ಟೆ ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಮೇಲೇ ಹೇಳಿಕೆ ಬರೆದರು. ‘ಮದ್ಯಪಾನ ಮಾಡಿ ಕರ್ತವ್ಯಲೋಪ ಎಸಗಿದ ವಾಲ್ವ್‌ಮನ್ ಕಾಳಯ್ಯನನ್ನು ವಜಾ ಮಾಡಲಾಗಿದೆ.’

“ಅವನು ಕುಡೀತಾನಾ?” ಎಂದರು ಪುಟ್ಟಬಸಮ್ಮ.

“ಗೊತ್ತಿಲ್ಲ.”

“ಮತ್ತೆ?”

“ಇಂಥ ದಿನ ಪೇಪರ್‌ನೋರಿಗೆ ಒಂದು ಹೆಸರು ಬೇಕು ಬಸಮ್ಮ. ಸಣ್ಣ ಹೆಸರು ಸಿಕ್ಕಿದ್ರೆ ದೊಡ್ಡದನ್ನ ಕೇಳಲ್ಲ. ಆಮೇಲೆ ಒಂದು ಸ್ಪಷ್ಟನೆ ಕೊಡಿಸ್ತೀನಿ ಬಿಡು.”

ಕಚೇರಿಯ ಜವಾನ ತೀರಿಕೊಂಡಾಗ, ಪತ್ರಿಕೆಯಲ್ಲಿ ಅವನ ಹೆಸರು ತಪ್ಪಾಗಬಾರದೆಂದು ಮೂರು ಕಡೆ ಫೋನು ಮಾಡಿದ್ದವರೂ ಇದೇ ಮನುಷ್ಯ.

ಮಾರನೆಯ ದಿನ ಕಾಳಯ್ಯ ಪತ್ರಿಕೆ ಹಿಡಿದು ಗೇಟಿನ ಹತ್ತಿರ ನಿಂತ. ಸಿದ್ದಲಿಂಗಸ್ವಾಮಿ ಕೋಣೆಯಿಂದ ಹೊರಬರಲಿಲ್ಲ. ಪುಟ್ಟಬಸಮ್ಮ ಅವನನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಅವನು ಕುಡಿಯುವಾಗ ಲೋಟ ಹಲ್ಲಿಗೆ ತಾಗಿ ಟಕಟಕ ಸದ್ದಾಗುತ್ತಿತ್ತು.

ಸ್ಪಷ್ಟನೆ ಬರಲಿಲ್ಲ. ಚುನಾವಣೆ ಮುಗಿಯಲಿ ಎಂದರು. ಮುಗಿಯಿತು. ಇನ್ನೊಂದು ಬಂತು. ಕಾಳಯ್ಯ ತನ್ನ ಬೀದಿಯಲ್ಲಿ ಕುಡುಕ ಕಾಳಯ್ಯನಾಗಿಯೇ ಉಳಿದ.

*

“ಇದರ ಕೆಳಗೆ ಒಂದು ಸಾಲು ಸೇರಿಸು ಮಹಾಂತೇಶ. ಕಾಳಯ್ಯ ಅವತ್ತು ಕುಡಿದಿರ್ಲಿಲ್ಲ, ತಪ್ಪು ಅವನದಲ್ಲ ಅಂತ. ನಿಮ್ಮ ಸಾಹೇಬ್ರು ರುಜು ಹಾಕ್ತೀನಿ ಅನ್ಲಿ. ಸಾಯಂಕಾಲದವರೆಗೂ ಕಾಯ್ತೀನಿ.”

“ಸಾವಿನ ಮನೇಲಿ ಇದೆಲ್ಲ ಬೇಕಾ ಅಮ್ಮಾ?”

“ಸಾವಿನ ಮನೇಲಿ ಫೋಟೋ ಆಗ್ಬೋದು, ನಿಜ ಆಗ್ಬಾರ್ದಾ?” ಅವರ ದನಿಗೆ ಅಂಗಳದಲ್ಲಿದ್ದವರೆಲ್ಲ ತಿರುಗಿದರು. “ಫೋನ್ ಮಾಡಿ ಕೇಳು!”

ಮಹಾಂತೇಶ ಗೇಟಿನಾಚೆ ಹೋಗಿ ಫೋನು ಮಾಡಿದ. ಬಂದವನು ಇಲ್ಲವೆಂದು ತಲೆಯಾಡಿಸಿದ. “ಬೇರೆ ಏನು ಬೇಕಾದ್ರೂ ಕೇಳ್ಬೋದಂತೆ. ಶಿವಾನಿಗೆ ಕೆಲಸ...”

ಪುಟ್ಟಬಸಮ್ಮ ಮಗಳ ಕಡೆ ನೋಡಿದರು.

“ನಂಗೆ ಬೇಡಮ್ಮ,” ಎಂದಳು ಶಿವಾನಿ.

“ಹಂಗಾದ್ರೆ ಎತ್ತಕ್ಕೆ ಹೇಳು.”

ದೇಹವನ್ನು ಕೂರಿಸಿ ಹೊತ್ತೊಯ್ಯುವ ಹೂವಿನ ವಿಮಾನ ಬಾಗಿಲಿಗೆ ಬಂತು. ಪುಟ್ಟಬಸಮ್ಮ ಕಾಳಯ್ಯನ ಹತ್ತಿರ ಹೋದರು. “ಒಂದು ಹೆಗಲು ಕೊಡ್ತೀಯೇನಪ್ಪ?”

ಕಾಳಯ್ಯ ಕೊಡದ ಕಂಠವನ್ನು ಬೆರಳಿನಿಂದ ಒರೆಸಿದ. “ಇಲ್ಲ ಕಣವ್ವ. ನೀರು ತಂದಿದ್ದು ನಿಮಗೆ. ಅವತ್ತು ಒಳಗೆ ಕರೆದು ಕೂರಿಸಿದ್ರಲ್ಲ, ಅದಕ್ಕೆ. ಅವರಿಗೆ ನನ್ನ ಹೆಗಲಿಲ್ಲ.”

“ಸರಿ. ಕೊಡಬೇಡ,” ಎಂದರು ಅವರು. ಅವನ ಕೋಪ ಅವನದೇ. ಅದನ್ನು ಬಿಡು ಎನ್ನುವ ಹಕ್ಕು ತಮಗಿಲ್ಲ ಎನ್ನಿಸಿತು.

ಹನ್ನೆರಡಕ್ಕೆ ಸರಿಯಾಗಿ ವಿಮಾನ ಬೀದಿಯ ತಿರುವು ದಾಟಿತು. ಶಿವಾನಿ ತಂದೆಯ ಜೊತೆ ನಡೆದಳು. ಪುಟ್ಟಬಸಮ್ಮ ಮನೆಯಲ್ಲಿ ಉಳಿದರು.

ಎರಡು ಗಂಟೆಗೆ ಕಾರುಗಳು ನಿಂತ ಸದ್ದಾಯಿತು. ಮಹಾಂತೇಶ ಅವಸರದಲ್ಲಿ ಒಳಗೆ ಬಂದ. “ಅಮ್ಮಾ, ಕುರ್ಚಿ ಮೇಲೆ ಸರ್ ಫೋಟೋ ಇಟ್ಟುಬಿಡೋಣ. ಪೇಪರ್‌ಗೆ ಬೇರೆ ಕೊಟ್ಟಾಗಿದೆ. ಎರಡೇ ನಿಮಿಷ.”

ಪುಟ್ಟಬಸಮ್ಮ ಎದ್ದು ಹೋಗಿ ಆ ಮರದ ಕುರ್ಚಿಯಲ್ಲಿ ತಾವೇ ಕುಳಿತರು. ಮೊಳೆಯಿಂದ ಇಳಿಬಿದ್ದಿದ್ದ ಬಿಳಿ ಬಟ್ಟೆ ಅವರ ಭುಜಕ್ಕೆ ತಾಗುತ್ತಿತ್ತು.

ಸಚಿವರು ಎದೆಯಗಲದ ಹಾರ ಹಿಡಿದು ಒಳಗೆ ಬಂದರು. ಹಿಂದೆ ಎರಡು ಕ್ಯಾಮೆರಾ.

“ಬನ್ನಿ,” ಎಂದರು ಪುಟ್ಟಬಸಮ್ಮ. ಮಡಿಲಿನಲ್ಲಿದ್ದ ಮಹಾಂತೇಶನ ಹಾಳೆ ಬಿಡಿಸಿ, ಗಂಡನ ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದರು. “ಕಾಳಯ್ಯ ಇಲ್ಲೇ ಇದಾನೆ. ಒಂದು ಸಾಲು.”

ಕಾಳಯ್ಯ ತೊಳೆದ ಕೊಡದೊಂದಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಹಾರ ಹಾಕಲು ಜಾಗವಿಲ್ಲದೆ ಸಚಿವರು ನಿಂತೇ ಇದ್ದರು. ಹೂವಿಗೆ ಚಿಮುಕಿಸಿದ್ದ ನೀರು ಅವರ ಬಿಳಿ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.