ಅಂಟಣ್ಣ ಬಿಡದ ಗಿಟಾರ್

ಬ್ಲೇಡು ಜಾರಿ ಬೆರಳಿಗೆ ತಾಗಿತು. ಅವಳು ರಕ್ತವನ್ನು ಒರಸುಬಟ್ಟೆಗೆ ಒತ್ತಿ ಮತ್ತೆ ಕೆರೆಯತೊಡಗಿದಳು. ಗಿಟಾರಿನ ಕುತ್ತಿಗೆಯಲ್ಲಿ, ಮುರಿದು ಕೂಡಿಸಿದ ಜಾಗದಲ್ಲಿ, ಉಕ್ಕಿ ಬಂದು ಗಟ್ಟಿಯಾದ ಅಂಟಿನ ಮೇಲೆ ಗಂಡನ ಹೆಬ್ಬೆರಳ ಗುರುತು ಹಾಗೇ ಕೂತಿತ್ತು. ಮಗ ಬರುವುದರೊಳಗೆ ಅದು ಹೋಗಬೇಕಿತ್ತು.

"ಅತ್ತಿಗೇ, ಹೆಣ ಮುಂದಿನ ಕೋಣೇಲಿ, ಹೆಂಡ್ತಿ ಹಿಂದಿನ ಕೋಣೇಲಿ ಅಂದ್ರೆ ಜನ ಏನಂದ್ಕೊಳಲ್ಲ?" ಮೈದುನ ಬಾಗಿಲಲ್ಲಿ ನಿಂತಿದ್ದ.

"ಏನಾದ್ರೂ ಅಂದ್ಕೊಳ್ಳಿ. ಬಂದೆ."

ಅವನ ಕಣ್ಣು ಬ್ಲೇಡಿನ ಮೇಲೆ ಬಿತ್ತು. "ಓಹೋ, ಮುಚ್ಚಿಡ್ತಾ ಇದೀರಾ? ಅವನು ಒಡೆದಿದ್ದನ್ನ ಕೂಡಿಸ್ತಾ ನನ್ನ ಅಣ್ಣ ಸತ್ತ. ಮಾಡಿದ್ದುಣ್ಣೋ ಮಹಾರಾಯ! ಬರ್ಲಿ, ಎಲ್ಲರ ಮುಂದೇನೇ ಹೇಳ್ತೀನಿ."

"ಅವನು ನಾನು ಹೆತ್ತ ಮಗ ಕಣಪ್ಪ."

"ಸತ್ತೋನು ನನ್ನ ಒಡಹುಟ್ಟಿದೋನು."

ಸುಳ್ಳೇಕೆ, ಅವಳ ನಾಲಿಗೆಯ ತುದಿಯಲ್ಲೂ ಅದೇ ಇತ್ತು: ಅಪ್ಪನನ್ನು ತಿಂದುಕೊಂಡೆಯಲ್ಲೋ ಪಾಪಿ! ಆದರೆ ಆ ಮಾತು ಒಮ್ಮೆ ಹೊರಬಿದ್ದರೆ ಮಗ ಮತ್ತೆ ಈ ಹೊಸಿಲು ತುಳಿಯುವುದಿಲ್ಲ. ಗಂಡ ಹೋದ, ಮಗನೂ ಹೋದರೆ ಮನೆಯಲ್ಲಿ ಅವಳ ಜೊತೆಗೆ ಉಳಿಯುವುದು ಅರ, ಗರಗಸ, ಅಂಟಿನ ಡಬ್ಬಿ. ಅವಳು ಗಿಟಾರಿನ ಮೇಲೆ ಬಟ್ಟೆ ಹೊದಿಸಿ ಹೊರಗೆ ನಡೆದಳು.

ಮುಂದಿನ ಕೋಣೆಯಲ್ಲಿ ಪಕ್ಕದ ಮನೆಯ ದರ್ಜಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. "ಸುಮ್ನೆ ಅಂಟಣ್ಣ ಅಂತ ಹೆಸರು ಬಂತಾ? ನನ್ನ ಬೂಟು ಅಂಟಿಸಿ ಕೊಟ್ಟಿದ್ದ. ಬೂಟೇ ಹರಿದು ಚಿಂದಿಯಾಯ್ತು, ಅವನು ಅಂಟಿಸಿದ ಜಾಗ ಮಾತ್ರ ಜಪ್ಪಯ್ಯ ಅಂದ್ರೂ ಬಿಡಲಿಲ್ಲ." ಒಂದಿಬ್ಬರು ನಕ್ಕು, ಅವಳನ್ನು ಕಂಡು ಬಾಯಿ ಮುಚ್ಚಿಕೊಂಡರು.

"ನಗ್ರಪ್ಪಾ," ಎಂದಳು. "ಅವರಿದ್ದಿದ್ರೆ ಅವರೂ ನಗ್ತಿದ್ರು."

*

ಮಗನಿಗೆ ರಿಪೇರಿ ಕೆಲಸ ಕಲಿಸಿದ್ದೂ ಅಪ್ಪನೇ, ಮಗನನ್ನು ಕಳೆದುಕೊಂಡದ್ದೂ ಅಪ್ಪನೇ. ಅವತ್ತು ಮಗ ಹಿಂದಿನ ಕೋಣೆಯಲ್ಲಿ ಗೆಳೆಯರ ಮುಂದೆ ನುಡಿಸುತ್ತಿದ್ದ. ಅಪ್ಪ ಕೆಲಸದಿಂದ ತಲೆ ಎತ್ತದೆ, "ಇದಕ್ಕೆ ರಿಪೇರಿ ಇಲ್ಲ ಕಣಪ್ಪ. ಗಿಟಾರಿಗಲ್ಲ, ನಿನ್ನ ಕೈಗೆ" ಎಂದುಬಿಟ್ಟ. ಗೆಳೆಯರು ಗೊಳ್ಳೆಂದರು. ಮಗ ಗಿಟಾರನ್ನು ಎತ್ತಿ ಮೇಜಿನ ಅಂಚಿಗೆ ಅಪ್ಪಳಿಸಿದ. ಅದರ ತಲೆ ಮುರಿದು ತಂತಿಗಳಲ್ಲಿ ನೇತಾಡಿತು, ಮೈ ಸೀಳಿತು, ಕರೆಂಟಿನ ಗಿಟಾರಿಗೆ ದನಿ ಕೊಡುವ ಒಳಗಿನ ತಂತಿಸುರುಳಿ ಕಿತ್ತುಬಂತು. ಹೊರಟವನು ಊರಿನ ಆಚೆ ತುದಿಯಲ್ಲಿ ರೂಮು ಮಾಡಿದ. ಅಪ್ಪನಿರುವವರೆಗೆ ಮತ್ತೆ ಬರಲಿಲ್ಲ.

ಅಪ್ಪ ಮಂಡಿಯೂರಿ ಚಕ್ಕೆ ಚೂರುಗಳನ್ನೆಲ್ಲ ಆರಿಸಿದ. "ಬಾಯಿ ಜಾರ್ತು ಕಣೇ," ಎಂದು ಮಗನಿಗೆ ಹೇಳಬೇಕಾದದ್ದನ್ನು ಹೆಂಡತಿಗೆ ಹೇಳಿದ.

"ನನಗ್ಯಾಕೆ ಹೇಳ್ತೀರಿ? ಹೋಗಿ ಅವನಿಗೇ ಹೇಳಿ."

"ಬರಿಗೈಲಿ ಹೇಗೆ ಹೋಗ್ಲಿ? ಮೊದ್ಲು ಇದು ಸರಿಯಾಗ್ಲಿ."

ಸುರುಳಿಗೆ ಕೂದಲಿಗಿಂತ ತೆಳ್ಳನೆಯ ತಾಮ್ರದ ತಂತಿಯನ್ನು ಅವಳೇ ಕೂತು ಸುತ್ತಿಕೊಟ್ಟಳು. ಮೈ ಕೂಡಿತು, ಬಣ್ಣ ಬಂತು. ಕುತ್ತಿಗೆಯನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಸೀಳು ಓರೆಯಾಗಿತ್ತು, ಮರ ಅದುಮಿಡುವ ಕ್ಲಾಂಪ್ ಬಿಗಿದರೆ ಜಾರುತ್ತಿತ್ತು. ನಿನ್ನೆ ಸಂಜೆ ಅಂಟು ಹಚ್ಚಿ, ಎರಡು ತುಂಡನ್ನೂ ಬರಿಗೈಯಲ್ಲೇ ಅದುಮಿ ಹಿಡಿದು ಕೂತ.

"ಎದೆ ಯಾಕೋ ಹಿಂಡಿದಂಗಾಗ್ತಿದೆ ಕಣೇ."

"ಅಯ್ಯೋ, ಅದನ್ನ ಬಿಟ್ಟು ಮೇಲೇಳಿ ಮತ್ತೆ!"

"ಈಗ ಬಿಟ್ರೆ ಹೋಯ್ತು. ಕೂಡ್ಲಿ, ಏಳ್ತೀನಿ."

ಅವಳು ಗಾಡಿ ಕೇಳಲು ದರ್ಜಿಯ ಮನೆಗೆ ಓಡಿದಳು. ತಿರುಗಿ ಬಂದಾಗ ಅವನ ತಲೆ ಮೇಜಿನ ಮೇಲಿತ್ತು. ಹಿಡಿದದ್ದನ್ನು ಮಾತ್ರ ಬಿಟ್ಟಿರಲಿಲ್ಲ. ಎದ್ದು ಮಲಗಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಹೇಳೋಕಾಗಲ್ಲಮ್ಮ" ಅಂದರು.

*

ಮಗ ಬಂದ. ಅಪ್ಪನ ಮುಖವನ್ನು ನೋಡುತ್ತ ಕಲ್ಲಾಗಿ ನಿಂತ, ಅಳಲಿಲ್ಲ. ಅಳದಿದ್ದದ್ದು ಮೈದುನನಿಗೆ ಬೆಂಕಿ ಹತ್ತಿಸಿತು.

"ಬಾರಯ್ಯ ಈ ಕಡೆ. ನಿನಗೊಂದು ತೋರಿಸ್ಬೇಕು." ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದೊಯ್ದ. ಅವಳು ಹಿಂದೆಯೇ ಓಡಿದಳು. ಅಷ್ಟರಲ್ಲಿ ಅವನು ಬಟ್ಟೆ ಎಳೆದಾಗಿತ್ತು.

ಮಗ ಗಿಟಾರನ್ನು ಕೈಗೆತ್ತಿಕೊಂಡ. "ಅಪ್ಪ ಮಾಡಿದ್ದಾ?"

"ಇನ್ಯಾರು ಮಾಡ್ತಾರೆ?" ಅವಳು ಮೈದುನನಿಗಿಂತ ಮೊದಲು ಬಾಯಿ ಹಾಕಿದಳು. "ಯಾವತ್ತೋ ಮಾಡಿಟ್ಟಿದ್ರು. ನಿನಗೆ ಕೊಡ್ಬೇಕು ಅಂತ."

"ಸುಳ್ಳು ಕಣೋ..." ಎಂದು ಮೈದುನ ಶುರುಮಾಡಿದ. ಮಗ ಕೇಳಿಸಿಕೊಳ್ಳುತ್ತಿರಲಿಲ್ಲ. ಸಂದಿನ ಮೇಲೆ ಉಗುರಾಡಿಸಿದ, ಮೂಗಿಗೆ ಹಿಡಿದ.

"ಇದಕ್ಕೆ ಬ್ಲೇಡ್ ಹಾಕಿದ್ಯಾರಮ್ಮ?"

ಅವಳು ಬೆರಳನ್ನು ಹಿಂದೆ ಮಾಡಿಕೊಂಡಳು.

"ಅಪ್ಪ ಬ್ಲೇಡ್ ಹಾಕಲ್ಲ. ಅಂಟು ಹಸಿ ಇರೋವಾಗ್ಲೇ ಬಿಸಿನೀರಿನ ಬಟ್ಟೇಲಿ ಒರೆಸಿಬಿಡ್ತಾರೆ. ನಾನೊಂದ್ಸಲ ಬ್ಲೇಡ್ ಹಾಕಿದ್ದಕ್ಕೆ ಕಪಾಳಕ್ಕೆ ಬಿಟ್ಟಿದ್ರು." ಅವನ ದನಿ ಇಳಿಯುತ್ತ ಬಂತು. "ಕ್ಲಾಂಪಿನ ಗುರುತೂ ಇಲ್ಲ. ಅಂಟಿನ ವಾಸನೆ ಇನ್ನೂ ಹೋಗಿಲ್ಲ. ಒರೆಸೋಕೆ ಅಪ್ಪನಿಗೆ ಕೈ ಬಿಡುವಿರಲಿಲ್ಲ, ಅಲ್ವಾ?"

ಬೆಳಗಿನಿಂದ ಮಾತನ್ನು ಮಸೆದಿಟ್ಟುಕೊಂಡಿದ್ದ ಮೈದುನ ನೆಲ ನೋಡಿದ.

"ಹಿಡ್ಕೊಂಡೇ ಇದ್ರಾ ಅಮ್ಮ?"

ಅವಳು ಹೌದೆಂದು ತಲೆಯಾಡಿಸಿದಳು.

"ಎಷ್ಟ್ ಹೊತ್ತು?"

ಅಪ್ಪನನ್ನು ತಿಂದುಕೊಂಡೆ ಎಂಬ ಮಾತು ನಾಲಿಗೆಗೆ ಬಂದೇಬಿಟ್ಟಿತು. ಅವಳು ಅದನ್ನು ನುಂಗಿಕೊಂಡಳು. "ಕೂಡೋವರೆಗೆ," ಎಂದಳು.

ಮಗ ಗಿಟಾರನ್ನು ಕುತ್ತಿಗೆ ಹಿಡಿದು ಎತ್ತಿದ. ಅವಳು ಮೇಜಿಗೆ ಅಡ್ಡ ನಿಂತು ಕಿರುಚಿದಳು, "ಒಡೀತೀಯೇನೋ? ಒಡಿ! ಮೊದ್ಲು ನನ್ನ ತಲೆ ಮೇಲೆ ಒಡಿ!"

"ಇಲ್ಲಮ್ಮ. ತಂತಿ ಎಲ್ಲಿದೆ?"

"ಈಗ್ಲೇ ಬೇಡ ಕಣೋ," ಮೈದುನ ಗಾಬರಿಯಿಂದ ಹತ್ತಿರ ಬಂದ. "ಎಳೆತಕ್ಕೆ ಕಿತ್ತು ಬಂದ್ರೆ? ಹೊರಗೆ ಗಾಡಿ ಬಂದು ನಿಂತಿದೆ."

"ಈ ಸಂದು ನಿಲ್ಲುತ್ತೋ ಇಲ್ವೋ ಅಂತ ನೋಡದೆ ನಾನು ಅಪ್ಪನಿಗೆ ಹೆಗಲು ಕೊಡಲಾರೆ ಚಿಕ್ಕಪ್ಪ."

ಅವಳು ಡ್ರಾಯರಿನಿಂದ ಎಲ್ಲಕ್ಕಿಂತ ದಪ್ಪದ ತಂತಿ ತೆಗೆದುಕೊಟ್ಟಳು. ಮಗ ಕೂತು ಅದನ್ನು ಸಿಕ್ಕಿಸಿ, ಎಡಗೈಯಲ್ಲಿ ಸಂದನ್ನು ಅದುಮಿ ಹಿಡಿದು, ಬಲಗೈಯಲ್ಲಿ ಬಿರಡೆ ತಿರುಗಿಸಿದ. ತಂತಿ ಮೇಲೆದ್ದಿತು. ಇನ್ನೊಂದು ಸುತ್ತು. ಮರ ಟಕ್ಕೆಂದಿತು.

ಮೂವರೂ ಸಂದಿಗೆ ಕಣ್ಣು ನೆಟ್ಟರು. ಏನೂ ಬಿಡಲಿಲ್ಲ. ಮಗನ ಹಣೆಯಲ್ಲಿ ಬೆವರು ಕಟ್ಟಿತ್ತು. ಮತ್ತೆ ತಿರುಗಿಸಿದ, ಮತ್ತೆ, ಶ್ರುತಿ ಸೇರುವವರೆಗೆ. ಆಮೇಲೆ ತಂತಿಯನ್ನು ಮೀಟಿದ. ಕರೆಂಟಿಲ್ಲದ ಗಿಟಾರಿನ ದನಿ ಎಷ್ಟಿರುತ್ತದೆ? ಆ ಮೂವರಿಗಷ್ಟೇ ಕೇಳಿಸಿತು.

ಮುಂದಿನ ಕೋಣೆಯಿಂದ ದರ್ಜಿ ಕೂಗಿದ, "ಮಗ ಎಲ್ರೀ? ಎತ್ತೋ ಹೊತ್ತಾಯ್ತು!"

"ಹೋಗಪ್ಪಾ," ಎಂದ ಮೈದುನ. ಅವನ ಭುಜದ ಮೇಲೆ ಕೈಯಿಟ್ಟ.

ಮಗ ಏಳಲಿಲ್ಲ. ಎಡಗೈ ಸಂದನ್ನು ಬಿಡುತ್ತಿರಲಿಲ್ಲ. "ಆಗ್ತಿಲ್ಲಮ್ಮ," ಎಂದ. ಆಗ ಅವನಿಗೆ ಅಳು ಬಂತು.

ಅವಳು ಪಕ್ಕದಲ್ಲಿ ಕೂತು ಅವನ ಕಿರುಬೆರಳನ್ನು ಬಿಡಿಸಿದಳು. ಆಮೇಲೆ ಉಂಗುರದ್ದು, ನಡುವಿನದು, ತೋರುಬೆರಳು. ಹೆಬ್ಬೆರಳು ಗಟ್ಟಿಯಾಗಿ ಒತ್ತಿಕೊಂಡಿತ್ತು. ಅದನ್ನೂ ಮೆಲ್ಲಗೆ ಎತ್ತಿದಳು. ಸಂದು ಬಿಡಲಿಲ್ಲ; ಬೆರಳು ತಾಗಿ ತಂತಿ ಮತ್ತೆ ಸಣ್ಣಗೆ ಅದುರಿತು.