ಕುರ್ಚಿಯ ಹಿಂದೆ

“ತಲೆ ವಾಲ್ತಾ ಐತಣ್ಣ, ಯಾರಾದ್ರೂ ಹಿಡ್ಕಳಿ,” ಎಂದ ಇಳಂಗೋ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಮಣ್ಣಿಗೆ ಒಯ್ಯುವ ಮುಂಚಿನ ಫೋಟೊಗೆಂದು ಮುನುಸ್ವಾಮಿಯ ಹೆಣವನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಶಂಕಗಿರಿಯಿಂದ ಬೆಳಿಗ್ಗೆಯಷ್ಟೇ ಬಂದಿಳಿದ ಹೆಂಡತಿ ಕಣ್ಣಮ್ಮ ಬಲಕ್ಕೆ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಲಾರಿ ಇಟ್ಟಿರುವ ಮಗ ಧನಶೇಖರ್ ಅಪ್ಪನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಕಾಯಿಲೆ ಬಿದ್ದಾಗ ಒಂದು ಲೋಟ ನೀರು ಕೊಡದ ಕೈ ಅದು! ಗಂಜಿ ಕುಡಿಸಿ, ಮೈ ಒರೆಸಿದವಳು ಪುಷ್ಪಾ. ತಾಳಿಯಿಲ್ಲದೆಯೇ ಮುನುಸ್ವಾಮಿಯ ಜೊತೆ ಇಷ್ಟು ವರ್ಷ ಬಾಳಿದವಳು ಈಗ ಬಾಗಿಲಿಗೆ ಒರಗಿ ನಿಂತಿದ್ದಳು. ಇಬ್ಬರೂ ಜೊತೆಗಿರುವ ಫೋಟೊ ಒಂದೂ ಇರಲಿಲ್ಲ.

“ಧನಶೇಖರಾ, ನಾನೂ ಒಂದ್ ಪಕ್ಕ ನಿಂತ್ಕತೀನಪ್ಪ. ನಂಗೆ ಇದೊಂದೇ ಫೋಟೊ.”

ಅವನು ಅಮ್ಮನ ಮುಖ ನೋಡಿದ. ಕಣ್ಣಮ್ಮ ಸೆರಗು ಸರಿಮಾಡಿಕೊಂಡಳು, ಅಷ್ಟೆ.

*

ಮುನುಸ್ವಾಮಿ ಪೆನ್ನಾಗರಂ ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್ ಆಗಿದ್ದವನು. ಮಿಷನ್ನಿನ ಗಲಾಟೆಯಲ್ಲಿ ಸಿನಿಮಾದ ಒಂದು ಮಾತೂ ಕೇಳುತ್ತಿರಲಿಲ್ಲ. ಊಟದ ಡಬ್ಬಿ ತಂದ ಪುಷ್ಪಾಳನ್ನು ಪರದೆ ಕಾಣುವ ಗೋಡೆಯ ಕಿಂಡಿಗೆ ಕರೆಯುತ್ತಿದ್ದ.

“ಮಾತ್ಯಾಕೆ ಬೇಕಮ್ಮಿ? ನಡುವೆ ಕೂತವ್ನಲ್ಲ, ಅವ್ನೇ ಯಜಮಾನ. ಕ್ಯಾಮೆರಾ ಕೆಳಗಿಂದ ನೋಡ್ತೈತೆ, ಅದಕ್ಕೇ ಬೆಟ್ಟದಂಗೆ ಕಾಣ್ತಾನೆ. ಬಾಗಿಲತ್ರ ನಿಂತವ್ಳೆ ನೋಡು, ಅರ್ಧ ಮುಖ ಕತ್ತಲು. ಅವಳ್ದೇನೂ ನಡೆಯಾಕಿಲ್ಲ.”

“ಅವಳು ಒಂದೆಜ್ಜೆ ಮುಂದಕ್ ಬಂದ್ರೆ?”

“ಬರಾಕೆ ಬಿಡಬೇಕಲ್ಲ! ಜಾಗ ತೋರ್ಸೋನು ಬೇರೆ ಒಬ್ಬ ಅವ್ನೆ,” ಎಂದು ನಕ್ಕಿದ್ದ.

*

“ಸರಿ, ಬಾ,” ಎಂದ ಧನಶೇಖರ್. “ಹಿಂದೆ ಕೂತು ತಲೆ ಹಿಡ್ಕೊ. ಅಪ್ಪಂಗೆ ನಿನ್ ಕೈ ರೂಢಿ.”

ಪುಷ್ಪಾ ಕುರ್ಚಿಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. ಅವಳು ಕಾಣದ ಹಾಗೆ ಕುರ್ಚಿಯ ಬೆನ್ನಿಗೆ ಯಾರೋ ಪಂಚೆ ಹೊದಿಸಿದರು. ಸ್ನಾನದ ನೀರು ಅವನ ಕೂದಲಲ್ಲಿ ಇನ್ನೂ ಆರಿರಲಿಲ್ಲ. ಎರಡೂ ಕೈಯಲ್ಲಿ ತಲೆ ಎತ್ತಿ ಹಿಡಿದಳು. ಬೆರಳಾದರೂ ಫೋಟೊದಲ್ಲಿ ಬೀಳಲಿ ಎಂದು ಕಿವಿಯ ಪಕ್ಕ ಮುಂದಕ್ಕೆ ಚಾಚಿದಳು.

“ಅಕ್ಕಾ, ಬೆರಳು ಕಾಣ್ತೈತೆ. ಕೊಂಜ, ಒಸಿ ಒಳಕ್ಕೆ.”

“ಒಂದೇ ಒಂದು ಇರ್ಲಿ ಕಣಪ್ಪ.”

ಇಳಂಗೋ ಧನಶೇಖರನ ಕಡೆ ನೋಡಿದ. ಅಯ್ಯೋ, ಪಾಪ, ಅವನಾದರೂ ಏನು ಮಾಡಿಯಾನು?

“ಒಳಕ್ಕೆ ತಕಳಕ್ಕಾ,” ಎಂದ, ಮೆತ್ತಗೆ.

ಬೆರಳುಗಳನ್ನು ಒಂದೊಂದಾಗಿ ಒದ್ದೆ ಕೂದಲೊಳಗೆ ಎಳೆದುಕೊಂಡಳು. ಕೈ ಬಿಟ್ಟರೆ ತಲೆ ಬೀಳುತ್ತದೆ, ಬಿಡಲಿಲ್ಲ.

ಕುರ್ಚಿಯ ತೋಳಿನ ಸಂದಿಯಿಂದ ಒಂದು ಕಿಂಡಿಯಷ್ಟು ಅಂಗಳ ಕಾಣುತ್ತಿತ್ತು. ಅಲ್ಲಿ ಇಳಂಗೋ ಮಂಡಿಯೂರಿ, ಕ್ಯಾಮೆರಾವನ್ನು ನೆಲದ ಹತ್ತಿರಕ್ಕೆ ಇಳಿಸಿ, ಮುನುಸ್ವಾಮಿಯನ್ನು ಕೆಳಗಿನಿಂದ ನೋಡುತ್ತಿದ್ದ.