ಕಾಲಿಂಚು ಜಾಸ್ತಿ ಉದ್ದದ ಪ್ಲಗ್

ಆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಮಾವನವರದ್ದು ಒಂದೇ ಒಂದು ಕಟ್ಟುನಿಟ್ಟು. ಯಾರೇ ಸ್ಪಾರ್ಕ್ ಪ್ಲಗ್ ಕೇಳಿ ಬರಲಿ, ಗಾಡಿಯಿಂದ ಬಿಚ್ಚಿದ ಹಳೆಯದನ್ನು ಗಾಜಿನ ಕೌಂಟರಿನ ಮೇಲೆ ನಿಲ್ಲಿಸಬೇಕು, ಪಕ್ಕದಲ್ಲಿ ಹೊಸದನ್ನು ನಿಲ್ಲಿಸಬೇಕು, ಬಗ್ಗಿ, ಇಂಜಿನ್‌ನೊಳಗೆ ತಿರುಗಿಸಿ ಕೂರಿಸುವ ಥ್ರೆಡ್ಡಿನ ಭಾಗ ಎರಡರಲ್ಲೂ ಒಂದೇ ಉದ್ದವಿದೆಯೇ ನೋಡಬೇಕು. ಆಮೇಲೇ ಕೊಡುವುದು. ದೊಡ್ಡ ಸಾಹೇಬರಾದರೂ ಅಷ್ಟೆ, ಬೀಗರಾದರೂ ಅಷ್ಟೆ. ಅಂಗಡಿಯಲ್ಲಿ ಕೂರಲು ಶುರು ಮಾಡಿ ಎಂಟು ತಿಂಗಳಾದ ಸೊಸೆ ಈ ಶಾಸ್ತ್ರವನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಇವತ್ತು ಬೆಳಿಗ್ಗೆ ತಪ್ಪಿಸಿದಳು. ತಪ್ಪಿಸಿದ್ದು ಸ್ವಂತ ಅಕ್ಕನ ಗಂಡನ ಗಾಡಿಗೆ.

ಭಾವ ಬಂದವರೇ ಕೌಂಟರಿಗೆ ಮೊಣಕೈ ಊರಿ, ಒಳಗೆಲ್ಲ ಕಣ್ಣಾಡಿಸಿ, "ನಿಮ್ಮ ಮಾವ ಇಲ್ವಾ?" ಅಂದರು.

"ಹತ್ತು ಗಂಟೆಗೆ ಬರ್ತಾರೆ. ಏನ್ ಬೇಕು ಹೇಳಿ ಭಾವ."

"ಪ್ಲಗ್ ಬೇಕಿತ್ತು. ಏರಲ್ಲಿ ಗಾಡಿ ಮಿಸ್ ಹೊಡೀತಿದೆ. ನಿಮ್ಮಕ್ಕನ್ನ ಟ್ರಾನ್ಸ್‌ಫರ್ ಆದ ಹೊಸ ಸ್ಕೂಲಿಗೆ ಬಿಡ್ಬೇಕು, ಹನ್ನೆರಡರೊಳಗೆ ಹೋಗಿ ಡ್ಯೂಟಿಗೆ ಸಹಿ ಹಾಕ್ಬೇಕಂತೆ. ನಿಮ್ಮ ಮಾವ ಬರೋವರೆಗೂ ಕಾಯ್ಲಾ?"

ಆ ಕಾಯುವ ಮಾತಿಗೆ ಅವಳ ಮೈಯೆಲ್ಲ ಉರಿಯಿತು. ಯಾವ ಗಾಡಿಗೆ ಯಾವ ನಂಬರು, ಎಷ್ಟು ಗ್ಯಾಪು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ತವರಿನವರಿಗೆ ಮಾತ್ರ ಅವಳಿನ್ನೂ ಸೈಕಲ್ಲಿನ ಚೈನು ಕಳಚಿದರೆ ಅಳುತ್ತ ನಿಲ್ಲುವ ಪುಟ್ಟಿ. ಪಟಪಟನೆ ನಂಬರು ಒದರಿದಳು, ಬೆನ್ನ ಹಿಂದಿನ ಗೂಡಿನಿಂದ ಡಬ್ಬಿಯೊಂದನ್ನು ಎಳೆದು ಕೌಂಟರಿಗೆ ಕುಕ್ಕಿದಳು. ಭಾವ ಜೇಬಿನಿಂದ ಹಳೆಯ ಪ್ಲಗ್ ತೆಗೆದು, "ಇದನ್ನೊಂದ್ಸಲ ನೋಡ್ಬಿಡು" ಅಂದರು.

"ನೋಡೋದೇನಿದೆ? ನಿಮ್ಮ ಗಾಡಿ ನಂಗೊತ್ತಿಲ್ವಾ?"

ಭಾವ ಎರಡನ್ನೂ ಜೇಬಿಗೆ ಹಾಕಿಕೊಂಡು ಹೋದರು. ಅವಳಿಗೆ ಏನೋ ಗೆದ್ದಷ್ಟು ಖುಷಿಯಾಯಿತು.

ಹತ್ತೂವರೆಗೆ ಪೇಪರ್ ಏಜೆಂಟ್ ಬಂದ. ಅವನಿಗೆ ಎರಡು ಬೇರೆ ಬೇರೆ ಗಾಡಿ. ಎರಡಕ್ಕೂ ಪ್ಲಗ್ ಒಯ್ದು, ಒಂದು ಬೇಡವಾಯಿತೆಂದು ನಿನ್ನೆ ವಾಪಸು ಕೊಟ್ಟಿದ್ದ. ಅವಳು ಡಬ್ಬಿಯ ಮೇಲಿನ ನಂಬರು ನೋಡಿ ಅದರ ಗೂಡಿಗೆ ಸೇರಿಸಿದ್ದಳು.

"ಡಬ್ಬಿ ಅದಲುಬದಲಾಗಿದೆ ಕಣಮ್ಮ" ಅಂದ ಏಜೆಂಟ್. "ಉದ್ದದ್ದು ನಿಮ್ಹತ್ರ ಬಂದಿದೆ. ನನ್ಹತ್ರ ಗಿಡ್ಡದ್ದು ಉಳ್ಕೊಂಡಿದೆ."

ಗೂಡಿನಲ್ಲಿದ್ದ ಹನ್ನೊಂದು ಡಬ್ಬಿಯನ್ನೂ ಬಿಚ್ಚಿದಳು. ಹನ್ನೊಂದೂ ಗಿಡ್ಡ. ಬೆಳಗಿನಿಂದ ಆ ಗೂಡಿನಿಂದ ಹೋಗಿದ್ದು ಒಂದೇ ಒಂದು, ಭಾವನಿಗೆ ಕೊಟ್ಟದ್ದು.

ಹಿಂದೆ ಮಾವನವರು ಬಂದು ನಿಂತಿದ್ದರು. "ಹಳೇದರ ಪಕ್ಕ ನಿಲ್ಸಿ ನೋಡ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದಳು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ.

"ಕಾಲಿಂಚು ಜಾಸ್ತಿ ಒಳಗೆ ಹೋಗುತ್ತಮ್ಮ ಅದು. ಆ ಇಂಜಿನ್‌ನಲ್ಲಿ ಸ್ಟಾರ್ಟೇನೋ ಆಗುತ್ತೆ. ಕಾದು ಏರು ಹತ್ತೋವಾಗ ಪಿಸ್ಟನ್ ಬಂದು ಗುದ್ದುತ್ತೆ. ಹದಿನೈದು ಕಿಲೋಮೀಟರ್ ಬಾಳಲ್ಲ. ಫೋನ್ ಮಾಡು, ಎಲ್ಲಿದ್ರೂ ನಿಲ್ಸು ಅನ್ನು."

ಭಾವನ ಫೋನ್ ಸ್ವಿಚ್ ಆಫ್. ಅಕ್ಕನದ್ದು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮತ್ತೆ. ಇಂಜಿನ್ ತಿರುಗದೆ ಹಿಡಿದುಕೊಂಡರೆ ಹಿಂದಿನ ಚಕ್ರವೂ ಹಿಡಿದುಕೊಳ್ಳುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏರುದಾರಿ, ಬೆನ್ನಿಗೇ ಲಾರಿಗಳು, ಗಾಡಿಯ ಹಿಂದಿನ ಸೀಟಿನಲ್ಲಿ ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಕೂತ ಅಕ್ಕ. ಬ್ರೇಕ್ ಕೇಬಲ್ ಕೇಳಿದವರಿಗೆ ಕ್ಲಚ್ ಕೇಬಲ್ ಕೊಟ್ಟಳು. ಮಾವನವರು ಬದಲಾಯಿಸಿದರು. ಯಾರದೋ ಫೋನ್ ರಿಂಗಾದರೆ ಜೀವ ಬಾಯಿಗೆ ಬರುತ್ತಿತ್ತು. ದೊಡ್ಡ ಇಂಜಿನಿಯರ್ ನಾನು, ಎಂದು ತನ್ನನ್ನೇ ಶಪಿಸಿಕೊಂಡಳು. ಇಪ್ಪತ್ತೆರಡು ಸಲ ಫೋನ್ ಮಾಡಿದ್ದಳು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅಕ್ಕನೇ ಮಾಡಿದಳು.

"ಏನೇ ಪುಟ್ಟಿ, ಇಷ್ಟೊಂದು ಸಲ? ಫೋನ್ ಬ್ಯಾಗಲ್ಲಿತ್ತು ಕಣೇ. ಈಗ ತಾನೇ ಸಹಿ ಹಾಕಿ ಬಂದೆ."

"ಗಾಡಿ?" ಅಷ್ಟೇ ಹೊರಟಿತು ಅವಳ ಬಾಯಿಂದ.

"ಅಯ್ಯೋ, ಗಾಡಿ ವಿಷ್ಯ ಕೇಳ್ಬೇಡ! ನೀನು ಕೊಟ್ಟ ಪ್ಲಗ್ ಹಾಕಿದ್ದೇ ತಡ, ಏರೆಲ್ಲ ಒಂದೇ ಉಸಿರಿಗೆ ಹತ್ತಿಬಿಡ್ತು. ನಿಮ್ಮ ಭಾವ ದಾರಿಯುದ್ದಕ್ಕೂ ನಿನ್ನ ಹೊಗಳಿದ್ದೇ ಹೊಗಳಿದ್ದು."

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಅಕ್ಕ ಬದುಕಿದ್ದಾಳೆ, ಅಕ್ಕ ಬದುಕಿದ್ದಾಳೆ. ಅದನ್ನು ಬಿಟ್ಟರೆ ಒಂದು ಗಳಿಗೆ ಅವಳ ತಲೆಯಲ್ಲಿ ಏನೂ ಇರಲಿಲ್ಲ. ಆಮೇಲೆ ಲೆಕ್ಕ ತಾನಾಗಿಯೇ ಬಂತು. ಆ ಸ್ಕೂಲು ಎಂಬತ್ತು ಕಿಲೋಮೀಟರ್ ದೂರ. ಅವಳು ಕೊಟ್ಟ ಪ್ಲಗ್ ಹದಿನೈದು ಓಡುವುದಿಲ್ಲ. ಅದನ್ನು ಅವರು ಹಾಕಿಯೇ ಇಲ್ಲ. ಇಲ್ಲಿಂದ ನೆಟ್ಟಗೆ ಬೇರೆ ಅಂಗಡಿಗೆ ಹೋಗಿದ್ದಾರೆ. ಅವಳು ಚಿಕ್ಕವಳಿದ್ದಾಗ ಗೀಚಿದ್ದನ್ನೆಲ್ಲ ಚೆಂದ ಎನ್ನುತ್ತಿದ್ದ ಅದೇ ದನಿಯಲ್ಲಿ ಅಕ್ಕ ಈಗ ಸುಳ್ಳು ಹೇಳುತ್ತಿದ್ದಾಳೆ.

ಹೊಗಳಿಕೆ ನುಂಗಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಪ್ಲಗ್ ಇನ್ನೂ ಭಾವನ ಜೇಬಿನಲ್ಲಿತ್ತು. ಎಂದೋ ಒಂದು ದಿನ, ದಾರಿಯಲ್ಲಿ ಕೈಗೆ ಸಿಕ್ಕಿತೆಂದು ಹಾಕಿಯೇ ಹಾಕುತ್ತಾರೆ.

"ಅಕ್ಕ, ನಾನು ಕೊಟ್ಟಿದ್ದನ್ನ ಯಾವತ್ತೂ ಹಾಕ್ಬೇಡಿ. ತಪ್ಪು ಪ್ಲಗ್ ಕೊಟ್ಟಿದ್ದೀನಿ. ಅದನ್ನ ಹಾಕಿದ್ರೆ ಆ ಏರಲ್ಲೇ ಇಂಜಿನ್ ಒಡೀತಿತ್ತು. ನೀವಿಬ್ರೂ ಬಿದ್ದಿರ್ತಿದ್ರಿ."

"ಬೇರೆ ಅಂಗಡೀಲಿ ತಗೊಳ್ಳಿ ಅಂದಿದ್ದು ನಿಮ್ಮ ಭಾವ ಅಲ್ಲ ಕಣೇ" ಅಂದಳು ಅಕ್ಕ ಸಣ್ಣ ದನಿಯಲ್ಲಿ. "ನಾನು."

"ಒಳ್ಳೇದು ಮಾಡ್ದೆ ಅಕ್ಕ" ಅಂದಳು ಅವಳು. ಮನಸಾರೆ ಅಂದಳು. ಅಂದಮೇಲೆ ಅಳು ತಡೆಯಲಾಗಲಿಲ್ಲ.